ಪೂಲ್‌ನಿಂದ ಉರಿಯುವ ಮೂಗಿಗೆ ಯಾವುದು ಸರಿ? ಕ್ಲಿಪ್, ಬಾಟಲಿ, ಡ್ರಾಪ್ಸ್, ಸ್ಪ್ರೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಗಿನ ಕ್ಲಿಪ್‌ಗೆ. ಉಳಿದದ್ದೆಲ್ಲ ಮೂಗು ಉರಿದ ಮೇಲೆ ಮಾಡುವ ಉಪಚಾರ. ನೀರು ಒಳಗೆ ನುಗ್ಗದ ಹಾಗೆ ತಡೆಯುವುದು ಕ್ಲಿಪ್ ಒಂದೇ. 200 ರೂಪಾಯಿ ಒಳಗೆ ಸಿಕ್ಕಿತು. ಆದರೆ ಅದು ನನ್ನ ಮೂಗಿನ ಮೇಲೆ ನಿಲ್ಲುವಂತಾಗಲು ನಾನು ಪಟ್ಟ ಪಾಡು ಡಬ್ಬದ ಮೇಲೆ ಎಲ್ಲೂ ಬರೆದಿರಲಿಲ್ಲ.

ನನ್ನ ತೊಂದರೆ ಹೀಗೆ. ಬೆಳಗ್ಗೆ ಈಜು, ಆಮೇಲೆ ಆಫೀಸು. ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಸೀನು ಶುರು. ಮಧ್ಯಾಹ್ನಕ್ಕೆ ಮೂಗು ನಲ್ಲಿ, ಸಂಜೆಗೆ ಪೂರ್ತಿ ಬಂದ್. ಹುಬ್ಬಿನ ಮೇಲೆ, ಕೆನ್ನೆ ಮೂಳೆಯ ಹತ್ತಿರ ಭಾರ. ಇಎನ್‌ಟಿ ಡಾಕ್ಟರು ನೋಡಿ, "ಸೋಂಕೇನೂ ಇಲ್ಲ, ಒಳಪೊರೆ ಕೆರಳಿದೆ ಅಷ್ಟೇ" ಅಂದರು. ಈಜು ಬಿಡಿ ಅಂತಲೂ ಅಂದರು. ಅದೊಂದು ಆಗುವ ಮಾತಲ್ಲ.

ಉರಿ ಯಾಕೆ ಅನ್ನುವುದು ಗೊತ್ತಿದ್ದರೆ ಯಾವುದು ಕೆಲಸ ಮಾಡುತ್ತದೆ ಅನ್ನುವುದೂ ತಿಳಿಯುತ್ತದೆ. ನಮ್ಮ ಮೈಯ ದ್ರವದಲ್ಲಿ ಸುಮಾರು 0.9 ಶೇಕಡಾ ಉಪ್ಪಿದ್ದಷ್ಟು ಸಾಂದ್ರತೆ ಇರುತ್ತದೆ. ಸಾಮಾನ್ಯ ಪೂಲ್ ನೀರಲ್ಲಿ ಅಷ್ಟು ಉಪ್ಪು ಇರಲ್ಲ. ಉಪ್ಪಿನ ಈ ವ್ಯತ್ಯಾಸವೇ ಮೂಗಿನ ಒಳಪೊರೆಯನ್ನು ಕೆರಳಿಸುವುದು. ಹಾಗಾಗಿ ಕ್ಲೋರಿನ್ ಇಲ್ಲದ ಬಾವಿ ನೀರು ಮೂಗಿಗೆ ಹೋದರೂ ಚುರ್ ಅನ್ನುತ್ತದೆ. ಪೂಲ್‌ನಲ್ಲಿ ಅದರ ಮೇಲೆ ಕ್ಲೋರಮೈನ್ ಬೇರೆ. ಕ್ಲೋರಿನ್ ಜೊತೆ ಬೆವರು, ಮೂತ್ರ ಸೇರಿದಾಗ ಹುಟ್ಟುವುದು ಇದು. ನಾವು "ಕ್ಲೋರಿನ್ ವಾಸನೆ" ಅನ್ನುವುದು ಹೆಚ್ಚಾಗಿ ಇದರದ್ದೇ. ವಾಸನೆ ಜೋರಾಗಿದ್ದರೆ ನೀರು ಭಾರಿ ಕ್ಲೀನ್ ಇದೆ ಅಂತಲ್ಲ, ಅದರಲ್ಲಿ ಜನ ಜಾಸ್ತಿ ಕೊಳೆ ಬಿಟ್ಟಿದ್ದಾರೆ ಅಂತ. ಏಪ್ರಿಲ್, ಮೇನಲ್ಲಿ ಸಮ್ಮರ್ ಕ್ಯಾಂಪ್ ಮಕ್ಕಳ ಬ್ಯಾಚ್ ಶುರುವಾದರೆ ನನ್ನ ಮೂಗಿಗೆ ಕ್ಯಾಲೆಂಡರೇ ಬೇಡ. ಮುಚ್ಚಿದ ಛಾವಣಿಯ ಪೂಲ್ ಆದರೆ ಈ ಕ್ಲೋರಮೈನ್ ಅನಿಲವಾಗಿ ನೀರಿನ ಮೇಲೇ, ಸರಿಯಾಗಿ ನಾವು ಉಸಿರೆಳೆಯುವ ಎತ್ತರದಲ್ಲೇ ನಿಂತಿರುತ್ತದೆ.

ಈಗ ಕ್ಲಿಪ್. ಒಳಗೆ ಸಣ್ಣ ತಂತಿ, ಹೊರಗೆ ಸಿಲಿಕೋನ್ ಮೆತ್ತೆ, ಅಷ್ಟೇ. ಮೊದಲ ಸಲ ಹಾಕಿಕೊಂಡು ಇಳಿದಾಗ ಅರ್ಧ ಪೂಲ್ ತನಕ ಸ್ವರ್ಗ. ಗೋಡೆ ಒದ್ದು ತಿರುಗಿದ್ದೇ ತಡ, ಕ್ಲಿಪ್ ಪಿಚಕ್ ಅಂತ ಹಾರಿತು. ತಂತಿ ಇರುವುದರಿಂದ ತೇಲುವುದಿಲ್ಲ, ನೇರ ತಳಕ್ಕೆ. ನೀಲಿ ಟೈಲ್ಸ್ ಮೇಲೆ ನೀಲಿ ಕ್ಲಿಪ್ ಹುಡುಕುವುದು ಎಂಥ ಸುಖ ಅಂತ ಅನುಭವಿಸಿದವರಿಗೇ ಗೊತ್ತು. ಲೈಫ್‌ಗಾರ್ಡ್ ಹುಡುಗ ಆಮೇಲಾಮೇಲೆ ನನ್ನನ್ನು ನೋಡಿದ ಕೂಡಲೇ "ಮೇಡಂ, ಮತ್ತೆ ಬಿತ್ತಾ?" ಅನ್ನಲು ಶುರುಮಾಡಿದ.

ತಂತಿ ಬಿಗಿಯಾಗಿ ಬಗ್ಗಿಸಿದೆ. ಮೂಗಿನ ಎರಡೂ ಕಡೆ ಕೆಂಪು ಕಲೆ ಬಿತ್ತು, ಕ್ಲಿಪ್ ಆದರೂ ಜಾರಿತು. ದುಬಾರಿ ಬ್ರಾಂಡಿನದು ತಂದೆ. ಅದೂ ಜಾರಿತು. ನನ್ನ ಮೂಗೇ ಮೊಂಡು, ಇದು ನಮಗಲ್ಲ ಅಂತ ಕೈಬಿಡುವ ಹಂತದಲ್ಲಿ, ಲಾಕರ್ ರೂಮಿನ ಕನ್ನಡಿ ಮುಂದೆ ಕಾರಣ ಸಿಕ್ಕಿತು. ಕಾರಣ ಕೊಬ್ಬರಿ ಎಣ್ಣೆ.

ಕೂದಲು ಹಾಳಾಗುತ್ತೆ ಅಂತ ಅಮ್ಮ ಈಜಿಗೆ ಹೋಗುವ ಮುಂಚೆ ತಲೆಗೆ ಎಣ್ಣೆ ಹಚ್ಚದೆ ಬಿಡುವವಳಲ್ಲ. "ಸ್ವಲ್ಪ ಹಚ್ಕೊಂಡೇ ಹೋಗೇ" ಅನ್ನುತ್ತಾಳೆ, ಸ್ವಲ್ಪ ಅಂದರೆ ಅರ್ಧ ಅಂಗೈ. ಅದರ ಮೇಲೆ ಕ್ಯಾಪ್ ಬಿಗಿದರೆ ಎಣ್ಣೆ ಹಣೆಯ ಅಂಚಿನಿಂದ ಮೆಲ್ಲಗೆ ಇಳಿದು, ಈಜು ಕನ್ನಡಕದ ಸೇತುವೆ ದಾಟಿ ಮೂಗಿನ ಬದಿಗೆ ಬರುತ್ತದೆ. ಕನ್ನಡಿಯಲ್ಲಿ ಮೂಗು ಮಿರಮಿರ ಮಿಂಚುತ್ತಿತ್ತು. ಸನ್‌ಸ್ಕ್ರೀನ್ ಹಚ್ಚುವವರಿಗೂ ಇದೇ ಕಥೆ. ಮೂಗಿನ ಹೊಳ್ಳೆಗೆ ತುಪ್ಪ ಸವರಿಕೊಂಡು ಇಳಿ ಅಂದ ಅತ್ತೆಯ ಸಲಹೆಯೂ ಇದೇ ಕಾರಣಕ್ಕೆ ಬಿದ್ದುಹೋಯಿತು.

ಪರಿಹಾರ ಸುಲಭದ್ದು. ಎಣ್ಣೆಯನ್ನು ಹಿಂದಿನ ರಾತ್ರಿಗೆ ಹಾಕಿದೆ. ಇಳಿಯುವ ಮುಂಚೆ ಶವರ್‌ನಲ್ಲಿ ಮೂಗಿಗೆ ಸೋಪು ಹಾಕಿ ತೊಳೆದು, ಟವೆಲ್ಲಿನಿಂದ ಒಣಗಿಸಿ, ಒಣಮೂಗಿಗೆ ಕ್ಲಿಪ್ ಹಾಕುತ್ತೇನೆ. ಒದ್ದೆ ಮೂಗಿಗೆ ಹಾಕಿದರೆ ಅರ್ಧ ಕೆಲಸ ಕೆಟ್ಟ ಹಾಗೆ. ಮೂಗಿನ ತೀರ ತುದಿಗೆ ಬೇಡ, ಮೂಳೆ ಮುಗಿದು ಮೆತ್ತಗಾಗುವ ಜಾಗದ ಸ್ವಲ್ಪ ಕೆಳಗೆ ಹಿಡಿಸಬೇಕು. ಕೆಂಪು ಬಣ್ಣದ್ದು ತಗೊಳ್ಳಿ, ತಳದಲ್ಲಿ ಕಾಣುತ್ತದೆ. ದಾರ ಇರುವ ಮಾದರಿಯೂ ಬರುತ್ತದೆ, ಆದರೆ ಆ ದಾರ ಕನ್ನಡಕದ ಪಟ್ಟಿಗೆ ಸಿಕ್ಕಿಕೊಂಡು ಇನ್ನೊಂದು ರಗಳೆ.

ಇನ್ನು ಉಸಿರಾಟ. ಕೋಚ್‌ಗೆ ಕ್ಲಿಪ್ ಕಂಡರಾಗದು. "ಮೂಗಲ್ಲಿ ಗುಳ್ಳೆ ಬಿಡಿ ಮೇಡಂ, ನೀರು ಹೇಗೆ ಒಳಗೆ ಬರುತ್ತೆ?" ಅನ್ನುತ್ತಾರೆ. ನಿಜವೇ. ಫ್ರೀಸ್ಟೈಲ್‌ನಲ್ಲಿ ಮೂಗಿನಿಂದ ಸಣ್ಣಗೆ ಉಸಿರು ಬಿಡುತ್ತಲೇ ಇದ್ದರೆ ನೀರಿಗೆ ದಾರಿ ಇಲ್ಲ. ಬ್ರೆಸ್ಟ್‌ಸ್ಟ್ರೋಕ್ ಮಾತ್ರ ಈಜುವವರು ಕ್ಲಿಪ್‌ಗೆ ಕಾಸು ಹಾಕದೆ ಇದನ್ನೇ ಕಲಿತರೂ ಸಾಕು. ತೊಂದರೆ ಇರುವುದು ಬೆನ್ನ ಮೇಲೆ ಈಜುವಾಗ, ಲಾಗ ಹಾಕಿ ತಿರುಗುವಾಗ. ಮೂಗು ಮೇಲ್ಮುಖವಾಗಿದ್ದಾಗ ನೀರು ಹೊಳ್ಳೆಯಿಂದ ಸೀದಾ ಹಣೆಗೇ ಹತ್ತಿದ ಹಾಗಾಗುತ್ತದೆ. ನನಗೆ ಬ್ಯಾಕ್‌ಸ್ಟ್ರೋಕ್ ಬಿಟ್ಟರೆ ಈಜೇ ಬೇಡ. ಆರ್ಟಿಸ್ಟಿಕ್ ಸ್ವಿಮ್ಮಿಂಗ್‌ನವರು ಒಲಿಂಪಿಕ್ಸ್‌ನಲ್ಲೂ ಕ್ಲಿಪ್ ಹಾಕಿಕೊಂಡೇ ಇಳಿಯುತ್ತಾರೆ, ಅವರೂ ತಲೆಕೆಳಗಾಗಿ ಇರಬೇಕಲ್ಲ ಪಾಪ.

ಕ್ಲಿಪ್‌ನಿಂದ ಆಗದ್ದು ಒಂದಿದೆ. ನೀರಿನ ಮೇಲಿನ ಅನಿಲವನ್ನು ಅದು ತಡೆಯುವುದಿಲ್ಲ, ಬಾಯಲ್ಲಿ ಎಳೆದುಕೊಳ್ಳುತ್ತೇವೆ ಅಷ್ಟೇ. ಗಂಟಲು ಕೆರೆತ, ಕೆಮ್ಮು, ಉಬ್ಬಸ ಇರುವವರು ಬಯಲು ಪೂಲ್ ಹುಡುಕುವುದೇ ವಾಸಿ.

ಎರಡನೇ ಸ್ಥಾನ ಉಪ್ಪುನೀರಿನ ಬಾಟಲಿಗೆ. ಯೋಗದವರು ಮೂಗು ತೊಳೆಯಲು ಬಳಸುವ ಜಲನೇತಿಯ ಲೋಟದ ತಮ್ಮ ಇದು. ಲೋಟದಲ್ಲಿ ನೀರು ತಾನಾಗಿ ಹರಿಯುತ್ತದೆ, ಬಾಟಲಿಯನ್ನು ಒತ್ತಬೇಕು. ಕಟ್ಟಿದ ಮೂಗಿಗೆ ಬಾಟಲಿ ಮೇಲು, ಆದರೆ ಜೋರಾಗಿ ಒತ್ತಿದರೆ ಕಿವಿ ಗುಂಯ್ ಅನ್ನುತ್ತದೆ. 240 ಎಂಎಲ್ ಬೆಚ್ಚನೆ ನೀರಿಗೆ ಕಾಲು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಮೈಯ ಹದಕ್ಕೆ ಹತ್ತಿರ ಇರುವುದರಿಂದ ಅಷ್ಟಾಗಿ ಉರಿಯಲ್ಲ. ಈಜಿನ ನಂತರ ಮಾಡಿದರೆ ಒಳಗೆ ಅಂಟಿದ್ದೆಲ್ಲ ತೊಳೆದುಹೋಗಿ ಮೂಗು ಹಗುರಾಗುತ್ತದೆ, ಸುಳ್ಳು ಹೇಳಬಾರದು.

ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು, ಇಲ್ಲವೇ ಡಿಸ್ಟಿಲ್ಡ್. ನಲ್ಲಿ ನೀರು, ಬೋರ್ ನೀರು ಸುತರಾಂ ಬೇಡ. ಮಿದುಳು ತಿನ್ನುವ ಅಮೀಬಾ ಅಂತ 2024, 2025ರಲ್ಲಿ ಕೇರಳದಿಂದ ಸುದ್ದಿ ಬರುತ್ತಿತ್ತಲ್ಲ, ಆ ನೆಗ್ಲೇರಿಯಾ ಫೌಲೆರಿ ಒಳಗೆ ಹೋಗುವುದು ಮೂಗಿನಿಂದಲೇ. ಕುಡಿದರೆ ಆ ಅಪಾಯ ಇಲ್ಲ. ಸರಿಯಾಗಿ ಕ್ಲೋರಿನ್ ಹಾಕಿದ ಪೂಲ್‌ನಲ್ಲಿ ಅದು ಬದುಕುವುದಿಲ್ಲ, ಆದ್ದರಿಂದ ಕ್ಲೋರಿನ್‌ಗೆ ಬೈಯುವಾಗ ನಾನು ಸ್ವಲ್ಪ ನಾಲಿಗೆ ಬಿಗಿ ಹಿಡಿಯುತ್ತೇನೆ. ನಮ್ಮ ಮನೆಯ ಫಿಲ್ಟರ್ ನೀರನ್ನೂ ಕುದಿಸಿಯೇ ಬಳಸುತ್ತೇನೆ.

ಬಾಟಲಿ ಎರಡನೇ ಸ್ಥಾನಕ್ಕೆ ಇಳಿದದ್ದು ಬೇರೆ ಕಾರಣಕ್ಕೆ. ತೊಳೆದ ನೀರು ಪೂರ್ತಿ ಹೊರಗೆ ಬರುವುದಿಲ್ಲ. ಸ್ವಲ್ಪ ಒಳಗೆಲ್ಲೋ ಅಡಗಿ ಕೂತು, ಮೀಟಿಂಗ್‌ನಲ್ಲಿ ಬಿದ್ದ ಪೆನ್ ಎತ್ತಲು ಬಗ್ಗಿದಾಗ ತೊಟತೊಟ ಇಳಿಯುತ್ತದೆ. ಮೂಗಿಗೆ ಕರ್ಚೀಫ್ ಹಿಡಿಯುವಷ್ಟೂ ಟೈಮ್ ಕೊಡಲ್ಲ. ಯೋಗದವರು ಮುಂದಕ್ಕೆ ಬಗ್ಗಿ, ತಲೆ ಆ ಕಡೆ ಈ ಕಡೆ ತಿರುಗಿಸಿ, ಮೆಲ್ಲಗೆ ಉಸಿರು ಹೊರದಬ್ಬಲು ಹೇಳುತ್ತಾರೆ, ಅದರಿಂದ ಕಮ್ಮಿಯಾಗುತ್ತದೆ. ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ಅಷ್ಟು ಸಾವಧಾನ ಎಲ್ಲಿ ತರೋಣ? ನಾನು ಬಾಟಲಿಯನ್ನು ರಜಾದಿನಕ್ಕೆ ಇಟ್ಟುಕೊಂಡಿದ್ದೇನೆ.

ಮೂಗು ಬಿಡಿಸುವ ಡ್ರಾಪ್ಸ್, ಅಂದರೆ ಜೈಲೋಮೆಟಜೋಲಿನ್ ಇರುವವು. ಐದು ನಿಮಿಷದಲ್ಲಿ ಮೂಗು ಹೆದ್ದಾರಿ. ಅದೇ ಅದರ ಮೋಸ. ಕೆಲವು ದಿನ ಬಿಡದೆ ಹಾಕಿದರೆ ಔಷಧಿ ಇಳಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ, ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ವಾರದಲ್ಲಿ ಹೆಚ್ಚು ದಿನ ಈಜುವವರಿಗೆ ಇದು ಲೆಕ್ಕಕ್ಕಿಲ್ಲ. ಬಿಪಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಸ್ಟಿರಾಯ್ಡ್ ಸ್ಪ್ರೇ, ಫ್ಲುಟಿಕಾಸೋನ್ ತರಹದ್ದು, ಡಾಕ್ಟರು ಬರೆದುಕೊಟ್ಟರೆ ಒಳ್ಳೆಯದೇ. ಧೂಳು, ಪರಾಗದ ಅಲರ್ಜಿ ಮೊದಲಿಂದಲೂ ಇರುವವರಿಗೆ ನನ್ನ ಕ್ಲಿಪ್‌ಗಿಂತ ಇದೇ ಉಪಕಾರ ಮಾಡಬಹುದು. ಆದರೆ ಇವತ್ತು ಹೊಡೆದು ಇವತ್ತೇ ಗುಣ ಕೇಳುವ ಹಾಗಿಲ್ಲ, ಪೂರ್ತಿ ಪರಿಣಾಮಕ್ಕೆ ದಿನಗಳು ಬೇಕು. ಬಲಗೈಯಲ್ಲಿ ಎಡಹೊಳ್ಳೆಗೆ, ಎಡಗೈಯಲ್ಲಿ ಬಲಹೊಳ್ಳೆಗೆ ಹೊಡೆದರೆ ಔಷಧಿ ನಡುಗೋಡೆಗೆ ಬೀಳುವುದಿಲ್ಲ, ರಕ್ತ ಬರುವುದೂ ಕಮ್ಮಿ. ದಿನಾ ತಪ್ಪದೆ ಹೊಡೆಯುವ ಶಿಸ್ತು ನನ್ನ ಕೈಲಾಗಲಿಲ್ಲ.

ಅಲರ್ಜಿಯ ಸೆಟ್ರಿಜಿನ್ ಮಾತ್ರೆ: ನಿದ್ದೆ ಬರುತ್ತದೆ. ಹಬೆ: ಹಾಯಾಗಿರುತ್ತದೆ, ತೊಳೆಯುವುದೇನೂ ಇಲ್ಲ, ಬಿಸಿನೀರಿನ ಪಾತ್ರೆ ಮಕ್ಕಳಿಂದ ದೂರ ಇಡಿ.

ನನ್ನ ಹಾಗೆ ಬ್ಯಾಕ್‌ಸ್ಟ್ರೋಕ್ ಹುಚ್ಚು, ಈಜಿದ ಕೂಡಲೇ ಓಡಬೇಕಾದ ಕೆಲಸ, ಔಷಧಿಗೆ ತಿಂಗಳು ತಿಂಗಳು ದುಡ್ಡು ಹಾಕಲು ಮನಸ್ಸಿಲ್ಲ ಅನ್ನುವವರು ಕ್ಲಿಪ್ ತಗೊಳ್ಳಿ. ಒಂದಲ್ಲ, ಎರಡು. ಒಂದು ಹೇಗೂ ಕಳೆಯುತ್ತದೆ. ಮನೆಯಿಂದಲೇ ಕೆಲಸ ಮಾಡುವವರಾದರೆ ಬಾಟಲಿಯೂ ಜೊತೆಗಿರಲಿ, ಬಗ್ಗಿದಾಗ ನೀರು ಸುರಿದರೂ ನೋಡುವವರು ಯಾರು? ಹತ್ತು ದಿನ ಕಳೆದರೂ ಮುಖದ ನೋವು, ಹಳದಿ ಹಸಿರು ಸಿಂಬಳ ಹೋಗದಿದ್ದರೆ, ಅಥವಾ ನಡುವೆ ಜ್ವರ ಬಂದರೆ, ಇದ್ಯಾವುದೂ ಬೇಡ, ಸೀದಾ ಇಎನ್‌ಟಿ ಹತ್ತಿರ ಹೋಗಿ.