ಕೇಪ್ ಮೆಕ್ಲಿಯರ್‌ನ ದೋಣಿ ವಿಹಾರ: ಮೀನುಗಳಿಗೆ ಪೂರ್ಣ ಅಂಕ, ಬ್ರೆಡ್ಡಿಗೆ ಇಲ್ಲ

ಆಫ್ರಿಕಾದ ಮಲಾವಿ ಸರೋವರದ ದಕ್ಷಿಣ ತುದಿಯಲ್ಲಿ, ಕೇಪ್ ಮೆಕ್ಲಿಯರ್‌ನಲ್ಲಿರುವ ಚೆಂಬೆ ಹಳ್ಳಿಯಿಂದ ಥುಂಬಿ ವೆಸ್ಟ್ ದ್ವೀಪಕ್ಕೆ ಹೋಗುವ ಸ್ನಾರ್ಕ್ಲಿಂಗ್ (ಮುಖವಾಡ, ಉಸಿರು ಕೊಳವೆ ತೊಟ್ಟು ನೀರಿನ ಮೇಲ್ಮೈಯಲ್ಲಿ ಈಜುವುದು) ದೋಣಿಯಲ್ಲಿ ಅರ್ಧ ದಿನ ಕಳೆದೆವು. ಮುಖವಾಡಗಳು ಹಳೆಯವು, ಆದರೆ ನೀರು ಸೋರಲಿಲ್ಲ. ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಪ್ರತ್ಯೇಕ.

ಕತ್ತಿನ ಮಟ್ಟದ ನೀರಿನಲ್ಲಿ ಮುಖ ಅದ್ದಿದ ಕೂಡಲೇ, ಸ್ಥಳೀಯರು ಮ್ಬುನಾ ಎನ್ನುವ ಬಂಡೆಮೀನುಗಳ ಸಂತೆಯೇ ಎದುರಾಗುತ್ತದೆ. ನೀಲಿ ಮೈಯ ಮೇಲೆ ಕಪ್ಪು ಪಟ್ಟೆಗಳಿದ್ದ ಗಂಡೊಂದು ತನ್ನ ಬಿರುಕನ್ನು ಕಾಯುತ್ತಾ ನನ್ನ ಬೆರಳಿನ ಮೇಲೂ ಏರಿಬಂತು. ಪಕ್ಕದಲ್ಲೇ, ಮೂತಿ ಬಾಯಿಯ ಮೇಲೆ ಚಾಚಿಕೊಂಡಿದ್ದ ಇನ್ನೊಂದು ಜಾತಿಯ ಮೀನು ಬಂಡೆಗೆ ಒರಗಿದಂತೆ ಈಜುತ್ತಾ ಪಾಚಿ ಕೆರೆಯುತ್ತಿತ್ತು. ಗಂಟಲು ಉಬ್ಬಿದ ಹೆಣ್ಣೊಂದು ಕಂಡಿತು: ಮೊಟ್ಟೆ ಮರಿಗಳನ್ನು ಸುಮಾರು ಮೂರು ವಾರ ಬಾಯಲ್ಲೇ ಕಾಪಾಡುವ ತಾಯಿ.

ಮ್ಬುನಾಗಳು ಸಿಕ್ಲಿಡ್ ಎಂಬ ಮೀನು ಕುಟುಂಬಕ್ಕೆ ಸೇರಿದವು. ಈ ಸರೋವರದಲ್ಲಿ 800ಕ್ಕೂ ಹೆಚ್ಚು ಸಿಕ್ಲಿಡ್ ಜಾತಿಗಳಿವೆಯೆಂಬ ಅಂದಾಜಿದೆ, ಬಹುಪಾಲು ಬೇರೆಲ್ಲೂ ಇಲ್ಲ. ಆದರೂ ಎರಡು ಜಾತಿಗಳ ಡಿಎನ್‌ಎ ನಡುವಿನ ಅಂತರ ಸರಾಸರಿ ಶೇ 0.1ರಿಂದ 0.25ರಷ್ಟು ಮಾತ್ರ. ಅವು ಬೆರೆತುಹೋಗದಂತೆ ತಡೆಯುವುದರಲ್ಲಿ, ಗಂಡಿನ ಬಣ್ಣ ನೋಡಿ ಹೆಣ್ಣು ಮಾಡುವ ಆಯ್ಕೆಗೆ ದೊಡ್ಡ ಪಾಲಿದೆ. ಆ ಬೇಲಿ ಎಷ್ಟು ತೆಳುವೆಂಬುದಕ್ಕೆ ಇದೇ ದ್ವೀಪ ಸಾಕ್ಷಿ: 1960ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಬೇರೆಡೆಯಿಂದ ಬಂದ ಸೈನೊಟಿಲೇಪಿಯಾ ಆಫ್ರಾ ಎಂಬ ಮ್ಬುನಾ ಇಲ್ಲಿ ನೆಲೆಯೂರಿ ಸ್ಥಳೀಯ ಪಟ್ಟೆಮೀನಿನೊಡನೆ ಬೆರೆಯಿತು.

ನಮ್ಮ ಮಾರ್ಗದರ್ಶಿ ಇದಾವುದನ್ನೂ ಹೇಳಲಿಲ್ಲ. ಎಲ್ಲವನ್ನೂ ಮ್ಬುನಾ ಎಂದು ಕರೆದು, ಫೋಟೊಗೆ ಚೆನ್ನಾಗಿರುತ್ತದೆಂದು ಬ್ರೆಡ್ ಎಸೆದರು. ಕ್ಷಣದಲ್ಲಿ ಪಾಚಿ ಕೆರೆಯುವುದು, ಬಿರುಕು ಕಾಯುವುದು ಎಲ್ಲ ಬಿಟ್ಟು ಮೀನುಗಳು ಒಂದೇ ಮುದ್ದೆಯಾದವು. ನಾನು ಅಷ್ಟು ದೂರ ಹೋದದ್ದು ಆ ಮುದ್ದೆ ನೋಡಲಿಕ್ಕಲ್ಲ. ನೀರಿನ ಬಸವನಹುಳುಗಳ ಮೂಲಕ ಹರಡುವ ಪರಾವಲಂಬಿ ರೋಗವಾದ ಬಿಲ್ಹಾರ್ಜಿಯಾ ಇಲ್ಲಿ ಇಲ್ಲವೆಂಬ ಅವರ ಭರವಸೆಯೂ ತಪ್ಪು. ಬಸವನಹುಳು ತಿನ್ನುವ ಮೀನುಗಳು ದಡದ ಬಳಿ ವಿಪರೀತ ಬೇಟೆಯಿಂದ ಕಡಿಮೆಯಾದದ್ದು ಆ ರೋಗ ಹೆಚ್ಚಲು ಒಂದು ಕಾರಣವೆನ್ನುತ್ತಾರೆ. ಮರಳಿದ ಮೇಲೆ ವೈದ್ಯರನ್ನು ಕಾಣುವುದು ಲೇಸು.

ಆದರೂ ಹೋಗಿ. ಬಂಡೆಮೀನುಗಳು ಮರಳಿನ ಹರವನ್ನೂ ಆಳದ ನೀರನ್ನೂ ದಾಟುವುದು ಅಪರೂಪವಾದ್ದರಿಂದ ಒಂದೊಂದು ಕಡೆಯ ಮೀನಿನ ಬಣ್ಣ ಬೇರೆಯಾಗಿರಬಹುದು; ದ್ವೀಪದ ಜೊತೆಗೆ ಹತ್ತಿರದ ದಡದ ಆಟರ್ ಪಾಯಿಂಟ್‌ನಲ್ಲೂ ದೋಣಿ ನಿಲ್ಲಿಸಲು ಕೇಳಿದರೆ ಬಣ್ಣಗಳನ್ನು ನೀವೇ ಹೋಲಿಸಬಹುದು. ಬ್ರೆಡ್ ಬೇಡವೆಂದು ಮಾತ್ರ ದೋಣಿ ಹತ್ತುವ ಮೊದಲೇ ಹೇಳಿಬಿಡಿ.