ಇಂಗಳದಾಳ್ ಗಣಿ ಕಡೆ ಜೀಪ್ ಟ್ರಿಪ್‌ಗೆ ದುಡ್ಡು ಕಟ್ಟುವ ಮುಂಚೆ ಓದಿ

ಚಿತ್ರದುರ್ಗದ ಹತ್ತಿರ ಇಂಗಳದಾಳ್‌ನ ಹಳೇ ತಾಮ್ರದ ಗಣಿ ಸುತ್ತ ಆಫ್‌ರೋಡ್ ಟ್ರಿಪ್ ಅಂತ ಜನ ಸೇರಿಸುವವರಿದ್ದಾರೆ. ನಮ್ಮನ್ನು ಕರೆದೊಯ್ದವನು "ಪರ್ಮಿಷನ್ ಆಗಿದೆ, ದಾರಿ ಪೂರ್ತಿ ನೋಡಿದ್ದೀನಿ" ಅಂದಿದ್ದ. ಎರಡೂ ಸುಳ್ಳು.

ಕಲ್ಲು ದಾರಿಯೇನೋ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾಗಿದ್ದು ಗಣಿ ಪಕ್ಕದ ಬೂದು ಬಯಲಿನಲ್ಲಿ. ನೋಡಲು ಕ್ರಿಕೆಟ್ ಆಡುವಷ್ಟು ಸಮತಟ್ಟು. "ಇಲ್ಲಿ ಜೋರಾಗಿ ಬಿಡಿ" ಅಂದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗಾಲಿ ಕುಸಿಯಿತು. ಆಮೇಲೆ ಚಾಸಿಯೇ ನೆಲಕ್ಕೆ ಕೂತಿತು.

ಅದು ನೆಲವೇ ಅಲ್ಲ. ತಾಮ್ರದ ಅದಿರನ್ನು ಹಿಟ್ಟಿನಂತೆ ಅರೆದು, ತಾಮ್ರ ತೆಗೆದುಕೊಂಡು, ಉಳಿದ ಹುಡಿಯನ್ನು ನೀರಿನ ಜೊತೆ ಹರಿಯಬಿಡುತ್ತಾರೆ. ಅದೇ ವರ್ಷಗಟ್ಟಲೆ ಬಿದ್ದು ಬಯಲಾಗಿದೆ. ಮೇಲೆ ಒಣಗಿ ಹೆಪ್ಪುಗಟ್ಟುತ್ತದೆ, ಮಳೆ ಬಿದ್ದರೆ ಒಳಗೆ ನೀರು ಹಿಡಿದುಕೊಳ್ಳುತ್ತದೆ. ಟೈರ್ ಗಾಳಿ ಇಳಿಸಿದೆವು, ನಾಲ್ಕೂ ಗಾಲಿ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಫೋರ್ ವೀಲ್ ಲೋ ಗೇರಿಗೆ ಹಾಕಿದೆವು. ಗಾಲಿ ತಿರುಗಿದಷ್ಟೂ ಜಾಸ್ತಿ ಹೂತಿತು. ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಇತ್ತು, ಆದರೆ ಹಗ್ಗ ಕಟ್ಟೋಕೆ ಗಟ್ಟಿ ಮರ ಬೇಕಲ್ವಾ? ಸುತ್ತ ಬರೀ ಕುರುಚಲು.

ಕುರಿ ಕಾಯುತ್ತಿದ್ದ ಅಜ್ಜ ಬಂದು ನೋಡಿದರು. "ಫ್ಯಾಕ್ಟ್ರಿ ಹುಡಿ ಕಣಪ್ಪ ಅದು. ನಾವು ಕುರಿನೂ ಅತ್ಲಾಗೆ ಬಿಡಲ್ಲ." ಕೊನೆಗೆ ಅವರೇ ಊರಿಂದ ಟ್ರ್ಯಾಕ್ಟರ್ ಕರೆಸಿದರು. ಅದನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಉದ್ದ ಹಗ್ಗ ಹಾಕಿ ಎಳೆದರು.

ಅಲ್ಲಿ ನಿಂತ ನೀರಿನಲ್ಲಿ ಕೈ ತೊಳೆಯಬೇಡಿ. ಅದಿರಿನಲ್ಲಿ ಗಂಧಕ ಇರುವುದರಿಂದ ಅಂಥ ನೀರು ಹುಳಿ ಏರಿರುತ್ತದೆ, ಲೋಹವೂ ಕರಗಿರುತ್ತದೆ. ಪೊದೆಯೊಳಗೆ ಗಾಡಿ ನುಗ್ಗಿಸಲೂಬೇಡಿ. ಇದು ಸುರಂಗದ ಗಣಿ, ಎಲ್ಲಿ ಏನು ಟೊಳ್ಳಿದೆಯೋ.

ಹೊರಬರುವಾಗ ಅರಣ್ಯದವರು ಹಿಡಿದರು. ಪಕ್ಕದಲ್ಲೇ ಜೋಗಿಮಟ್ಟಿ ವನ್ಯಜೀವಿ ಧಾಮ. ಕರಡಿ, ಚಿರತೆ ಇರುವ ಕಾಡು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ನಮ್ಮ ನಾಯಕ ಜೇಬು ತಡಕಿ ತೋರಿಸಿದ್ದು ಬರೀ ವಾಟ್ಸ್ಆ್ಯಪ್ ಮೆಸೇಜ್! ದಂಡ ಕಟ್ಟಿದ್ದು ಗಾಡಿಯ ಯಜಮಾನರು, ಅವನಲ್ಲ.

ಆ ಕಡೆ ನೋಡಲೇಬೇಕು ಅಂದರೆ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ, ದಿಂಬಿನಾಕಾರದ ಲಾವಾ ಬಂಡೆಗಳಿವೆ. ಅದಕ್ಕೆ ಜೀಪೂ ಬೇಡ, ಇಂಥ ನಾಯಕರೂ ಬೇಡ.

ಅವನು ಮತ್ತೆ ಅದೇ ದಾರಿಗೆ ಜನ ಸೇರಿಸುತ್ತಿದ್ದಾನಂತೆ. ನಿಮಗೂ ಮೆಸೇಜ್ ಬಂದರೆ, ಇಲಾಖೆಯ ಸಹಿ ಇರುವ ಅನುಮತಿ ಪತ್ರ ಮೊದಲು ಕಳಿಸು ಅನ್ನಿ.