ಬೇರೆ ರಾಜ್ಯದ ಸ್ಪೀಡಿಂಗ್ ಟಿಕೆಟ್: "ನೀವು ಬರೋದೇ ಬೇಡ" ಅಂದವರನ್ನು ನಂಬಿ ನಾನು ಕೆಟ್ಟೆ

ಬೇರೆ ರಾಜ್ಯದಲ್ಲಿ ಸ್ಪೀಡಿಂಗ್ ಟಿಕೆಟ್ ಬಿದ್ದಿದ್ದು, ಮನೇಲಿ ಕೂತೇ ಫೋನಿನಲ್ಲಿ ಮುಗಿಸಿಬಿಡೋಣ ಅಂದುಕೊಂಡಿರುವವರು ದಯವಿಟ್ಟು ಓದಿ. ಟಿಕೆಟ್ ಜಾರ್ಜಿಯಾದ್ದಾದರೆ ಎರಡು ಸಲ ಓದಿ. ಬರೆಯೋಕೆ ನಾಚಿಕೆಯಾಗ್ತಿದೆ. ಅಮೆರಿಕಕ್ಕೆ ಬಂದು ಹನ್ನೊಂದು ವರ್ಷ ಆಯ್ತು, ಆಫೀಸಿನಲ್ಲಿ ವೆಂಡರ್ ಕಾಂಟ್ರಾಕ್ಟ್ ಓದೋದೇ ನನ್ನ ಅರ್ಧ ಕೆಲಸ. ಆದರೂ ಬಿದ್ದೆ.

ಕಳೆದ ಡಿಸೆಂಬರ್ ರಜೆಯಲ್ಲಿ ಒಹಾಯೊದ ಸಿನ್ಸಿನಾಟಿಯಿಂದ, ಅಂದ್ರೆ ನಮ್ಮೂರಿಂದ, ಫ್ಲಾರಿಡಾದ ಆರ್ಲ್ಯಾಂಡೊಗೆ ಕಾರಿನಲ್ಲಿ ಹೊರಟಿದ್ವಿ. ದಾರಿಯಲ್ಲಿ ಜಾರ್ಜಿಯಾ. ಅಟ್ಲಾಂಟಾ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹಾಳಾಯ್ತು. ಮೇಕನ್ ದಾಟಿದ ಮೇಲೆ ಐ-75 ಹೆದ್ದಾರಿ ಖಾಲಿ ಖಾಲಿ, ಹಿಂದೆ ಮಕ್ಕಳು ನಿದ್ದೆ, ಕಾಲು ತಾನಾಗೇ ಒತ್ತಿತು. 70 ಮೈಲಿ ಇರೋ ಕಡೆ 86. ಕನ್ನಡಿಯಲ್ಲಿ ನೀಲಿ ದೀಪ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ದಂಡ ಕಟ್ಟೋದಕ್ಕೂ ಬೇಜಾರಿರಲಿಲ್ಲ. ಕೋರ್ಟ್ ತಾರೀಖು ಫೆಬ್ರವರಿ. ಒಂದು ಟಿಕೆಟ್ಟಿಗೆ ಅಷ್ಟು ದೂರ ಮತ್ತೆ ಯಾರು ಹೋಗ್ತಾರೆ?

ಊರಿಗೆ ಬಂದ ವಾರದೊಳಗೆ ಮೇಲ್‌ಬಾಕ್ಸಿನಲ್ಲಿ ನಾಲ್ಕು ಲಕೋಟೆ, ಎಲ್ಲಾ ಟಿಕೆಟ್ ಕೇಸು ನೋಡ್ಕೊಳ್ತೀವಿ ಅನ್ನೋರದ್ದು. ಗೆಳೆಯನೊಬ್ಬ ಹೇಳಿದ: "ಜಾರ್ಜಿಯಾ ಆ ಲೈಸೆನ್ಸ್ ಕಾಂಪ್ಯಾಕ್ಟಲ್ಲೇ ಇಲ್ಲ ಗುರು, ನಿನಗೆ ಏನೂ ಆಗಲ್ಲ, ಆನ್‌ಲೈನಲ್ಲಿ ಕಟ್ಟಿ ಮರೆತುಬಿಡು." ಕಾಂಪ್ಯಾಕ್ಟ್ ಅಂದ್ರೆ ಡ್ರೈವರುಗಳ ತಪ್ಪುಗಳನ್ನು ರಾಜ್ಯಗಳು ಒಂದಕ್ಕೊಂದು ತಿಳಿಸೋ ಒಪ್ಪಂದ. ಅದರಲ್ಲಿ ಜಾರ್ಜಿಯಾ ಇಲ್ಲ ಅನ್ನೋದು ನಿಜ. ಏನೂ ಆಗಲ್ಲ ಅನ್ನೋದು ಎಷ್ಟು ಸುಳ್ಳು ಅಂತ ಮುಂದೆ ಗೊತ್ತಾಗುತ್ತೆ. ನಾನು ಬುದ್ಧಿವಂತ ಅಲ್ವಾ, ಅವನ ಮಾತು ಕೇಳದೆ ಲಕೋಟೆಗಳಲ್ಲಿ ಎಲ್ಲಕ್ಕಿಂತ ನೀಟಾಗಿದ್ದದ್ದನ್ನು ಆರಿಸಿ ಫೋನ್ ಮಾಡಿದೆ.

ಫೋನ್ ಎತ್ತಿದವನ ದನಿ ಬೆಣ್ಣೆ. ಟಿಕೆಟ್ ನಂಬರ್ ಕೇಳಿದ, ವೇಗ ಕೇಳಿದ, ಆಮೇಲೆ "ವೀಸಾದಲ್ಲಿ ಇದ್ದೀರಾ?" ಅಂದ. ಎಚ್-1ಬಿ ಅಂದೆ. ಸ್ಕ್ಯಾನ್ ರಿಪೋರ್ಟ್ ನೋಡಿ ಡಾಕ್ಟರು ಸುಮ್ಮನಾಗ್ತಾರಲ್ಲ, ಹಾಗೆ ಸುಮ್ಮನಾದ. ಆಮೇಲೆ ಮೆಲ್ಲಗೆ, "ಜಾರ್ಜಿಯಾದಲ್ಲಿ ಸ್ಪೀಡಿಂಗ್ ಅಂದ್ರೆ ಮಿಸ್‌ಡಿಮೀನರ್, ಗೊತ್ತಲ್ಲ ಸರ್?" ಅಂದ. ಮಿಸ್‌ಡಿಮೀನರ್ ಅಂದ್ರೆ ಸಣ್ಣ ಕ್ರಿಮಿನಲ್ ಅಪರಾಧ. ಅಲ್ಲಿ ಪೊಲೀಸರು ನಿಲ್ಲಿಸಿ ಕೊಡೋ ಸ್ಪೀಡಿಂಗ್ ಟಿಕೆಟ್ಟೆಲ್ಲ ಮಿಸ್‌ಡಿಮೀನರೇ, ಸಾವಿರಾರು ಜನ ದಂಡ ಕಟ್ಟಿ ಮನೆಗೆ ಹೋಗ್ತಾರೆ. ಆದರೆ ಅವತ್ತು ಆ ಪದ ಕೇಳಿದ ತಕ್ಷಣ ಹೊಟ್ಟೆಯಲ್ಲಿ ಕಲ್ಲು ಹಾಕಿದಂಗಾಯ್ತು. ಆಮೇಲೆ ಅವನು ಎಷ್ಟು ಹೇಳಿದರೂ ಕೊಡ್ತಿದ್ದೆ. 399 ಡಾಲರ್ ಫೀ, ಕೋರ್ಟಿನ ದಂಡಕ್ಕೆ ಅಂತ ಬೇರೆ 210 ಡಾಲರ್. "ನಮ್ಮ ಅಟಾರ್ನಿ ಎಲ್ಲಾ ನೋಡ್ಕೊಳ್ತಾರೆ, ನೀವು ಬರೋದೇ ಬೇಡ." ಅಟಾರ್ನಿ ಹೆಸರೇನು ಅಂತ ನಾನು ಕೇಳಲಿಲ್ಲ. ಕೇಳಲೇ ಇಲ್ಲ. ಈಗಲೂ ರಾತ್ರಿ ಎಚ್ಚರ ಆದಾಗ ಮೊದಲು ನೆನಪಾಗೋದು ಇದೇ.

ಅವರದ್ದೊಂದು ಪೋರ್ಟಲ್ ಇತ್ತು. ದಿನಾ ಬೆಳಿಗ್ಗೆ ಕಾಫಿ ಕುಡೀತಾ ನೋಡ್ತಿದ್ದೆ. ಹಸಿರು ಪಟ್ಟಿಯಲ್ಲಿ "ಪ್ರಾಸಿಕ್ಯೂಟರ್ ಜೊತೆ ಮಾತುಕತೆ ನಡೆಯುತ್ತಿದೆ" ಅಂತ ಇರೋದು. ಆರು ವಾರ ಅದೇ ಹಸಿರು ಪಟ್ಟಿ. ಫೆಬ್ರವರಿಯಲ್ಲಿ ಮೇಲ್ ಬಂತು: "ಅಭಿನಂದನೆಗಳು! ನಿಮ್ಮ ಕೇಸ್ ಕ್ಲೋಸ್ ಆಗಿದೆ." ಅವತ್ತು ಮನೇಲಿ ಇವಳಿಗೆ ಜಂಬದಿಂದ ತೋರಿಸಿದೆ, ದುಡ್ಡು ಹೋದರೂ ಕೆಲಸ ಮಾಡಿದ್ರು ನೋಡು ಅಂತ. "ಹೇಗೆ ಕ್ಲೋಸ್ ಆಯ್ತು ರೀ? ಏನಂತ ತೀರ್ಪು?" ಅಂದಳು. ಕ್ಲೋಸ್ ಅಂದ್ರೆ ಕ್ಲೋಸ್ ಅಂದೆ.

ಮಾರ್ಚಿನಲ್ಲಿ ಮನೆ ಬದಲಾಯಿಸಿದ್ವಿ. ನವೆಂಬರಿನಲ್ಲಿ ವೀಸಾ ಎಕ್ಸ್‌ಟೆನ್ಷನ್ ಬಂತು. ನಮ್ಮಂಥವರ ಲೈಸೆನ್ಸ್ ವೀಸಾ ಜೊತೆಗೇ ಮುಗಿಯುತ್ತೆ ಅನ್ನೋದು ಗೊತ್ತೇ ಇದೆಯಲ್ಲ. ಹೊಸ ಪೇಪರ್ ಹಿಡ್ಕೊಂಡು ಲೈಸೆನ್ಸ್ ಕೊಡೋ ಆಫೀಸಿಗೆ, ಅಂದ್ರೆ ಒಹಾಯೊ ಬಿಎಂವಿಗೆ ಹೋದೆ. ಕೌಂಟರಿನ ಹೆಂಗಸು ಟೈಪ್ ಮಾಡಿದರು, ನಿಲ್ಲಿಸಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಟೈಪ್ ಮಾಡಿದರು. "ಜಾರ್ಜಿಯಾದಲ್ಲಿ ಏನಾಗಿತ್ತು?" ಅಂದರು. ಟಿಕೆಟ್ ಇತ್ತು, ಕ್ಲೋಸ್ ಆಗಿದೆ, ಅಟಾರ್ನಿ ಇದ್ದರು ಅಂದೆ. ಅಟಾರ್ನಿ ಇದ್ದರು ಅಂತ ಜೋರಾಗಿ ಬೇರೆ ಹೇಳಿದೆ, ಹಿಂದೆ ಕ್ಯೂನಲ್ಲಿದ್ದವರಿಗೂ ಕೇಳೋ ಹಾಗೆ. ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಜಾರ್ಜಿಯಾದಲ್ಲಿ ನನ್ನ ಡ್ರೈವಿಂಗ್ ಹಕ್ಕು ಸಸ್ಪೆಂಡ್. ಅದು ರಾಷ್ಟ್ರೀಯ ಡ್ರೈವರ್ ರಿಜಿಸ್ಟರಿನಲ್ಲಿ ಕೂತಿದೆ, ಅಲ್ಲಿ ಸರಿಮಾಡಿಸಿಕೊಂಡು ಬರೋವರೆಗೆ ಇಲ್ಲಿ ರಿನ್ಯೂ ಇಲ್ಲ. ಕಾಂಪ್ಯಾಕ್ಟ್ ಇಲ್ಲದಿದ್ದರೇನು, ಸಸ್ಪೆನ್ಷನ್ ಎಲ್ಲಿ ಆದರೂ ಈ ರಿಜಿಸ್ಟರಿನಲ್ಲಿ ಸಿಕ್ಕಿಬೀಳುತ್ತೆ. ಕಿವಿ ಬಿಸಿಯಾಯ್ತು. ತಲೆ ತಗ್ಗಿಸಿಕೊಂಡು ಆಚೆ ಬಂದೆ.

ಪಾರ್ಕಿಂಗ್ ಲಾಟಿನಲ್ಲೇ ಕೂತು ಆ ಕೌಂಟಿಯ ಕೋರ್ಟ್ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿದೆ. ವರ್ಷದ ಹಿಂದೆ ಮಾಡಬೇಕಿದ್ದ ಫೋನು. ಎರಡೇ ರಿಂಗಿಗೆ ಎತ್ತಿದರು. ನನ್ನ ಅಟಾರ್ನಿ ಯಾರು ಅಂತ ಫೈಲಲ್ಲಿದೆಯಾ ಅಂತ ಕೇಳಿದೆ.

"ಈ ಫೈಲಲ್ಲಿ ಅಟಾರ್ನಿ ಇಲ್ಲ ಸರ್. ಕೋರ್ಟ್ ತಾರೀಖಿಗೆ ಮೂರು ದಿನ ಮುಂಚೆ ಆನ್‌ಲೈನ್ ಪೇಮೆಂಟ್ ಆಗಿದೆ, 187 ಡಾಲರ್."

ಪೂರ್ತಿ 86ಕ್ಕೇ. ಮಾತಾಡಿ ಟಿಕೆಟ್ಟಿನಲ್ಲಿ ಬರೆದ ವೇಗವನ್ನು ಒಂದು ಮೈಲಿಯೂ ಇಳಿಸಿಲ್ಲ. ದಂಡ ಕಟ್ಟೋದು ಅಂದ್ರೆ ತಪ್ಪೊಪ್ಪಿಕೊಂಡಂತೆ. ಮಾತುಕತೆ ಇಲ್ಲ, ಪ್ರಾಸಿಕ್ಯೂಟರ್ ಇಲ್ಲ, ಮಣ್ಣೂ ಇಲ್ಲ. ನಾನು ಕೊಟ್ಟ 210ರಲ್ಲಿ 187 ಕಟ್ಟಿ, ಉಳಿದ 23 ಡಾಲರನ್ನೂ ನುಂಗಿದ್ದಾರೆ. ಗೆಳೆಯ ಪುಕ್ಕಟೆಯಾಗಿ ಹೇಳಿದ ಕೆಲಸವನ್ನೇ 399 ಡಾಲರಿಗೆ ಮಾಡಿದ್ದಾರೆ!

ಸಸ್ಪೆಂಡ್ ಯಾಕಾಯ್ತು ಅಂತಲೂ ಆ ಪುಣ್ಯಾತ್ಗಿತ್ತಿಯೇ ಹೇಳಿದರು. ಜಾರ್ಜಿಯಾದಲ್ಲಿ ಸೂಪರ್ ಸ್ಪೀಡರ್ ಅಂತ ಕಾನೂನಿದೆ, 2010ರ ಜನವರಿಯಿಂದ. ಎರಡು ಲೇನಿನ ರಸ್ತೆಯಲ್ಲಿ 75 ಅಥವಾ ಹೆಚ್ಚು, ಬೇರೆ ಯಾವ ರಸ್ತೆಯಲ್ಲಾದರೂ 85 ಅಥವಾ ಹೆಚ್ಚು ಓಡಿಸಿ ತಪ್ಪಿತಸ್ಥರಾದರೆ, ಕೋರ್ಟಿನ ದಂಡದ ಮೇಲೆ ರಾಜ್ಯಕ್ಕೆ ಬೇರೆಯಾಗಿ 200 ಡಾಲರ್. ಕೋರ್ಟಿನಲ್ಲಿ ಕಟ್ಟೋದಲ್ಲ ಅದು. ಆಮೇಲೆ ಯಾವಾಗಲೋ ಡ್ರೈವರ್ ಸರ್ವೀಸಸ್ ಇಲಾಖೆಯಿಂದ ಅಂಚೆಯಲ್ಲಿ ನೋಟಿಸ್ ಬರುತ್ತೆ. 120 ದಿನದಲ್ಲಿ ಕಟ್ಟದಿದ್ದರೆ ಸಸ್ಪೆಂಡ್, ಮತ್ತೆ 50 ಡಾಲರ್ ಸೇರಿಸಿ ಕಟ್ಟಬೇಕು. ನನ್ನ ನೋಟಿಸ್ ಹಳೇ ಮನೆಗೆ ಹೋಗಿದೆ. ಮೇಲ್ ಫಾರ್ವರ್ಡ್ ಹಾಕಿದ್ದೆ, ಪಿಜ್ಜಾ ಕೂಪನ್ನುಗಳೆಲ್ಲ ತಪ್ಪದೆ ಬಂದವು, ಇದೊಂದು ಬರಲಿಲ್ಲ.

ನನ್ನ ಹೊಟ್ಟೆ ಉರಿಸಿದ ಲೆಕ್ಕ ಕೇಳಿ. 86ನ್ನು 84ಕ್ಕೆ ಇಳಿಸಿದ್ದರೆ ಸೂಪರ್ ಸ್ಪೀಡರ್ ಅನ್ವಯಿಸ್ತಿರಲಿಲ್ಲ. 70ರ ಮೇಲೆ 14 ಮೈಲಿ ಆಗ್ತಿತ್ತು. ಮಿತಿಗಿಂತ 15 ಮೈಲಿಯ ಒಳಗಿದ್ದರೆ ಜಾರ್ಜಿಯಾದಲ್ಲಿ ಲೈಸೆನ್ಸ್ ಮೇಲೆ ಬೀಳೋ ತಪ್ಪಿನ ಪಾಯಿಂಟೂ ಇಲ್ಲ. ಎರಡೇ ಎರಡು ಮೈಲಿ! ಅಲ್ಲಿ ಟಿಕೆಟ್ ವಕೀಲರು ದಿನಾ ಕೇಳಿಕೊಳ್ಳೋದೇ ಈ ಎರಡು ಮೈಲಿ. "ಸಾಲಿಸಿಟರ್ ಆಫೀಸಿಗೆ ನೀವೇ ಫೋನ್ ಮಾಡಿ ಕೇಳಬಹುದಿತ್ತು, ಎಷ್ಟೋ ಜನ ಕೇಳ್ತಾರೆ" ಅಂದರು ಕ್ಲರ್ಕ್. ಅಲ್ಲಿ ಇಂಥ ಸಣ್ಣ ಕೇಸುಗಳ ಪ್ರಾಸಿಕ್ಯೂಟರಿಗೆ ಸಾಲಿಸಿಟರ್ ಅಂತಾರೆ. ಆ ಹೆಸರೂ ನನಗೆ ಅವತ್ತೇ ಗೊತ್ತಾಗಿದ್ದು.

ಈಗ ಆ ಬೆಣ್ಣೆ ಪಾರ್ಟಿಯ ಉತ್ತರಗಳು. ಮೊದಲನೇ ಮೇಲಿಗೆ: "ನೀವು ಕೋರ್ಟಿಗೆ ಹಾಜರಾಗದೆ ಕೇಸ್ ಇತ್ಯರ್ಥ ಮಾಡಿಸುವುದು ನಮ್ಮ ಸೇವೆ. ನೀವು ಹಾಜರಾಗಲಿಲ್ಲ. ಕೇಸ್ ಇತ್ಯರ್ಥವಾಗಿದೆ." ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ನನ್ನ ಪರ ಅಟಾರ್ನಿಯೇ ಹಾಜರಾಗಿಲ್ಲವಲ್ಲ ಅಂತ ಬರೆದೆ. ಅದಕ್ಕೆ: "ಒಪ್ಪಂದದ 7ನೇ ಪ್ಯಾರಾ ನೋಡಿ. ಅಗತ್ಯವಿದ್ದಲ್ಲಿ ಮಾತ್ರ ಅಟಾರ್ನಿಗೆ ವಹಿಸಲಾಗುವುದು." ನೋಡಿದೆ. ಹೌದು, ಇದೆ. ಪಕ್ಕದಲ್ಲೇ ನನ್ನ ಇನಿಷಿಯಲ್ಸ್. ಅದರ ಕೆಳಗೆ, ರಾಜ್ಯದ ಇಲಾಖೆಗಳು ವಿಧಿಸುವ ಶುಲ್ಕ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ. ಅಂದ್ರೆ ಅವರಿಗೆ ಗೊತ್ತಿತ್ತು. 86 ಅಂತ ಬಾಯಿಬಿಟ್ಟ ಕ್ಷಣವೇ ಆ 200 ಡಾಲರ್ ಬರುತ್ತೆ ಅಂತ ಗೊತ್ತಿದ್ದೇ ಸುಮ್ಮನಿದ್ದರು. ವೀಸಾ ಕೇಳೋಕೆ ಬಾಯಿತ್ತು, ಇದನ್ನು ಹೇಳೋಕೆ ಬಾಯಿರಲಿಲ್ಲ.

ಮೂರನೇ ಸಲ ಫೋನೇ ಮಾಡಿದೆ. ಹೆಂಗಸೊಬ್ಬರು, ದನಿ ಇನ್ನೂ ಮೆತ್ತಗೆ. "ನಿಮ್ಮ ಬೇಸರ ಅರ್ಥ ಆಗುತ್ತೆ ಸರ್. ಫೈಲ್ ಮತ್ತೆ ತೆರೆಯೋಕೆ 150 ಡಾಲರ್ ಆಗುತ್ತೆ. ಕಾರ್ಡ್ ಅದೇ ಇದೆಯಾ?"

ಕಾರ್ಡ್ ಅದೇ ಇದೆಯಾ ಅಂತೆ!

ಏನು ಬೈದೆ ಅಂತ ಇಲ್ಲಿ ಬರೆಯೋದಿಲ್ಲ. ಕನ್ನಡದಲ್ಲೇ ಬೈದೆ, ಅಷ್ಟು ಹೇಳ್ತೀನಿ.

ವಕೀಲರೇ ಬೇಡ ಅಂತ ನಾನು ಹೇಳ್ತಿಲ್ಲ. ವಕೀಲರನ್ನೇ ಹಿಡೀರಿ, ಲಕೋಟೆ ಕಳಿಸೋ ಕಂಪನಿಯನ್ನಲ್ಲ. ಹೆಸರು ಕೇಳಿ, ಆ ರಾಜ್ಯದ ಬಾರ್, ಅಂದ್ರೆ ವಕೀಲರ ಸಂಘದ ಡೈರೆಕ್ಟರಿಯಲ್ಲಿ ಆ ಹೆಸರಿದೆಯಾ ನೋಡಿ. ಎಷ್ಟು ಮೈಲಿಗೆ ಇಳಿಸೋಕೆ ಕೇಳ್ತೀರಿ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಎಲ್ಲಕ್ಕಿಂತ ಮುಂಚೆ ಕೋರ್ಟ್ ಕ್ಲರ್ಕಿಗೆ ನೀವೇ ಒಂದು ಫೋನ್ ಮಾಡಿ, ಪುಕ್ಕಟೆ. ಮಧ್ಯೆ ಮನೆ ಬದಲಾಯಿಸಿದರೆ ಟಿಕೆಟ್ ಬಿದ್ದ ರಾಜ್ಯದ ಇಲಾಖೆಗೂ ಹೊಸ ವಿಳಾಸ ಕೊಡಿ. ಮತ್ತೆ ಯಾರಾದರೂ ಫೋನಿನಲ್ಲಿ ಮೊದಲು ನಿಮ್ಮ ವೀಸಾ ವಿಚಾರ ತೆಗೆದರೆ ಅಲ್ಲೇ ಇಟ್ಟುಬಿಡಿ.

ಜಾರ್ಜಿಯಾಕ್ಕೆ 250 ಡಾಲರ್ ಕಟ್ಟಿ ಒಂಬತ್ತು ದಿನ ಆಯ್ತು. ರಸೀದಿ ಬಂದಿದೆ, ಇಲ್ಲಿನ ಕಂಪ್ಯೂಟರಿನಿಂದ ಸಸ್ಪೆನ್ಷನ್ ಇನ್ನೂ ಹೋಗಿಲ್ಲ. ಹಳೇ ಲೈಸೆನ್ಸ್ ಮೊನ್ನೆ ಮುಗಿಯಿತು. ಆಫೀಸಿಗೆ ಇವಳೇ ಬಿಡ್ತಾಳೆ, ಸಂಜೆ ಇವಳೇ ಕರ್ಕೊಂಡು ಬರ್ತಾಳೆ. ದಾರಿಯುದ್ದಕ್ಕೂ ಏನೂ ಮಾತಾಡಲ್ಲ. 65 ಇರೋ ಕಡೆ 60ರಲ್ಲೇ ಹೋಗ್ತಾಳೆ.